ಮುಪ್ಪಿನ ಸೇವೆಗೆ ಪದವಿ ಬೇಕೆ?

ಮುದುಕರನ್ನು ನೋಡಿಕೊಳ್ಳುವುದಕ್ಕೂ ಒಂದು ಓದಿದೆ, ಅದರಲ್ಲಿ ಎಂ.ಡಿ. ಪದವಿಯೂ ಇದೆ ಎಂದರೆ ನಮ್ಮಲ್ಲಿ ಅನೇಕರಿಗೆ ನಗು ಬರುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಹೆತ್ತವರ ಸೇವೆಯನ್ನು ಫೀಸು ಕಟ್ಟಿ ಕಲಿಯಬೇಕಾದ ಕಾಲ ಬಂತೇ ಎಂದು ಕೇಳುತ್ತಾರೆ. ಈ ಸಿಟ್ಟಿನ ಹಿಂದೆ ಒಂದು ನಂಬಿಕೆಯಿದೆ. ಸೇವೆ ಮನಸ್ಸಿಗೆ ಸೇರಿದ್ದು. ಪ್ರೀತಿಯಿದ್ದರೆ ಕೈ ತಾನಾಗಿ ಸರಿಯಾದುದನ್ನೇ ಮಾಡುತ್ತದೆ. ಪ್ರೀತಿ ಇಲ್ಲದವನಿಗೆ ಯಾವ ಪದವಿಯೂ ಅದನ್ನು ಕೊಡಲಾರದು ಎಂಬ ನಂಬಿಕೆ. ಇದರ ಕೊನೆಯ ಮಾತು ನಿಜವಿರಬಹುದು. ಆದರೆ ಪ್ರೀತಿಯೊಂದೇ ಸಾಕೆ ಎಂಬುದನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕಾಗಿದೆ.

ಕನ್ನಡದಲ್ಲಿ 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯಿದೆ. ಉರ್ದುವಿನಲ್ಲಿ 'ಸಠಿಯಾನಾ' ಎಂಬ ಕ್ರಿಯಾಪದವೇ ಇದೆ. 'ಸಾಠ್' ಎಂದರೆ ಅರವತ್ತು. ಆ ವಯಸ್ಸು ದಾಟಿ ಬುದ್ಧಿ ಮಂಕಾಗುವುದಕ್ಕೆ ಆ ಮಾತು. ಎರಡು ಭಾಷೆಗಳೂ ಒಂದೇ ತೀರ್ಪು ಕೊಟ್ಟಿವೆ. ಈ ತೀರ್ಪು ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಎಪ್ಪತ್ತೈದು ವರ್ಷದ ಅಜ್ಜಿಯೊಬ್ಬರು ಸೋಮವಾರದವರೆಗೆ ಚೆನ್ನಾಗಿದ್ದವರು, ಬುಧವಾರ ರಾತ್ರಿ ಸತ್ತುಹೋದ ಗಂಡನನ್ನು ಕೂಗಿ ಕರೆಯತೊಡಗುತ್ತಾರೆ. ಹೆತ್ತ ಮಗನ ಗುರುತು ಹಿಡಿಯುವುದಿಲ್ಲ. ಮನೆಯವರು ಅಳುತ್ತಾರೆ, ದುಆ ಮಾಡುತ್ತಾರೆ, ಸರದಿಯಂತೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂಡುತ್ತಾರೆ. 'ವಯಸ್ಸಾಯಿತಲ್ಲ' ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಾರೆ. ಪ್ರೀತಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಈ ವಿಷಯದಲ್ಲಿ ತರಬೇತಿ ಪಡೆದವರು ಬಂದರೆ ಮೊದಲು ಕೇಳುವ ಪ್ರಶ್ನೆಯೇ ಬೇರೆ: ಇದು ಶುರುವಾದದ್ದು ಯಾವಾಗ? ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವಂಥದು. ಎರಡೇ ದಿನದಲ್ಲಿ ಬಂದ ಗೊಂದಲಕ್ಕೆ ಮೂತ್ರದ ಸೋಂಕು, ನೀರು ಸಾಲದಿರುವುದು, ರಕ್ತದಲ್ಲಿ ಉಪ್ಪಿನಂಶ ಇಳಿದಿರುವುದು, ಹೊಸದಾಗಿ ಕೊಟ್ಟ ಒಂದು ಮಾತ್ರೆ, ಇಂಥ ಯಾವುದೋ ಕಾರಣವಿರುತ್ತದೆ. ಕಾರಣ ಸಿಕ್ಕರೆ ಅಜ್ಜಿ ಮತ್ತೆ ಮೊದಲಿನಂತಾಗಬಹುದು, ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ವ್ಯತ್ಯಾಸವನ್ನು ಪ್ರೀತಿ ಕಾಣಲಾರದು. ಅದನ್ನು ಕಲಿತ ಕಣ್ಣು ಬೇಕು.

ಕಲಿತ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ಮುಪ್ಪಿನ ವೈದ್ಯಕ್ಕೆ 'ಜೆರಿಯಾಟ್ರಿಕ್ಸ್' ಎಂಬ ಹೆಸರನ್ನು 1909ರಲ್ಲಿ ಕೊಟ್ಟವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಶರ್. ಮಕ್ಕಳಿಗೆ ಬೇರೆಯೇ ವೈದ್ಯಶಾಸ್ತ್ರ ಇರುವಂತೆ ಮುದುಕರಿಗೂ ಇರಬೇಕೆಂಬುದು ಅವರ ವಾದವಾಗಿತ್ತು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರನ್ ಎಂಬ ವೈದ್ಯೆಗೆ ಪಕ್ಕದ ಬಡವರ ಆಸ್ಪತ್ರೆಯ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಬಿತ್ತು. ವಾಸಿಯಾಗದವರೆಂದು ತಿಂಗಳು, ವರ್ಷಗಟ್ಟಲೆ ಹಾಸಿಗೆಯಲ್ಲೇ ಬಿಟ್ಟಿದ್ದ ವೃದ್ಧರು ಅವರಲ್ಲಿ ಬಹಳ ಮಂದಿ. ವಾರನ್ ಒಬ್ಬೊಬ್ಬರನ್ನೇ ಪರೀಕ್ಷಿಸಿದರು, ಯಾರಿಗೆ ಏನಾಗಿದೆ ಎಂದು ವಿಂಗಡಿಸಿದರು, ಎಬ್ಬಿಸಿ ಕೂರಿಸಿದರು, ನಡೆಸಿದರು. ಹಾಸಿಗೆಯಲ್ಲೇ ಸಾಯುವರೆಂದುಕೊಂಡಿದ್ದವರಲ್ಲಿ ಅನೇಕರು ಮನೆಗೆ ಹೋದರು. ಅಷ್ಟು ಕಾಲ ಅವರನ್ನು ಮಲಗಿಸಿಟ್ಟಿದ್ದವರೆಲ್ಲ ಕ್ರೂರಿಗಳಾಗಿರಲಿಲ್ಲ. ಮುದುಕರಿಗೆ ವಿಶ್ರಾಂತಿ ಒಳ್ಳೆಯದೆಂದು ನಂಬಿದ್ದ ಸಜ್ಜನರೂ ಅವರಲ್ಲಿದ್ದಿರಬೇಕು.

ನಮ್ಮ ದೇಶದಲ್ಲಿ ಈ ದಾರಿಯನ್ನು ಮೊದಲು ತೆರೆದದ್ದು ಮದ್ರಾಸು. ಅಲ್ಲಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ 1978ರಲ್ಲಿ ಡಾ. ವಿ.ಎಸ್. ನಟರಾಜನ್ ವೃದ್ಧರಿಗೆಂದೇ ಹೊರರೋಗಿ ವಿಭಾಗ ಆರಂಭಿಸಿದರು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋವೈದ್ಯಕ್ಕೆಂದೇ ಡಿ.ಎಂ. ಪದವಿಯಿದೆ. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದ ದೇಶಕ್ಕೆ ಇದೆಲ್ಲ ಬೊಗಸೆ ನೀರು.

ಈ ಓದಿನಲ್ಲಿ ಕಲಿಸುವುದು ರೋಗಗಳ ಹೆಸರುಗಳನ್ನು ಮಾತ್ರವಲ್ಲ. ವೃದ್ಧರನ್ನು ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ, ಹಿಡಿದ ಸಮಯದಿಂದ ಬೀಳುವ ಅಪಾಯವನ್ನು ಅಳೆಯುತ್ತಾರೆ. ನಾಲ್ಕು ಡಾಕ್ಟರು ಬರೆದ ಹನ್ನೆರಡು ಮಾತ್ರೆಗಳನ್ನು ಮುಂದಿಟ್ಟುಕೊಂಡು ಯಾವುದನ್ನು ನಿಲ್ಲಿಸಬಹುದೆಂದು ಯೋಚಿಸುತ್ತಾರೆ. ಕೆಲವು ಕಡೆ ವಿದ್ಯಾರ್ಥಿಗಳೇ ಮಸುಕಾದ ಕನ್ನಡಕ, ದಪ್ಪ ಕೈಗವಸು ತೊಟ್ಟು, ಕಿವಿಗೆ ಹತ್ತಿಯಿಟ್ಟು, ಮಾತ್ರೆಯ ಚೀಟಿ ಓದಲು ಒದ್ದಾಡಬೇಕು. ಮುಪ್ಪು ಎಂದರೇನೆಂದು ಇಪ್ಪತ್ತೈದರ ಹರೆಯಕ್ಕೆ ಅರ್ಧ ಗಂಟೆಯಾದರೂ ತಿಳಿಯಲಿ ಎಂದು.

ಎಲ್ಲಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ: ಪ್ರಶ್ನೆಯನ್ನು ಯಾರಿಗೆ ಕೇಳಬೇಕು? ನಮ್ಮ ಆಸ್ಪತ್ರೆಗಳಲ್ಲಿ ಮುದುಕ ಎದುರಿಗೇ ಕುಳಿತಿರುತ್ತಾನೆ. ಡಾಕ್ಟರು ಮಗನನ್ನು ನೋಡಿ 'ಇವರಿಗೆ ಹಸಿವಾಗುತ್ತದೆಯೆ?' ಎಂದು ಕೇಳುತ್ತಾರೆ. ಶಸ್ತ್ರಚಿಕಿತ್ಸೆ ಬೇಕೆ ಬೇಡವೆ, ಯಾರ ಮನೆಯಲ್ಲಿರಬೇಕು ಎಂಬುದೆಲ್ಲ ಅವನ ತಲೆಯ ಮೇಲಿಂದಲೇ ತೀರ್ಮಾನವಾಗುತ್ತದೆ. 'ಬುಜುರ್ಗ್' ಎಂದು ಕರೆದು ಗೌರವಿಸುತ್ತೇವೆ, ಮಾತು ಕೇಳುವಾಗ ಮಗುವಿಗಿಂತ ಕಡೆಯಾಗಿ ಕಾಣುತ್ತೇವೆ. ಅವನ ಅಭಿಪ್ರಾಯವನ್ನು ಅವನನ್ನೇ ಕೇಳಬೇಕೆಂಬುದು ಸರಳ ನೀತಿ. ಆದರೆ ಅದನ್ನೂ ಕಲಿಸಬೇಕಾಗಿದೆ, ಯಾಕೆಂದರೆ ಅದು ನಮ್ಮ ಅಭ್ಯಾಸದಲ್ಲಿಲ್ಲ.

ಕಲಿಯುವುದರಿಂದ ಸೇವೆಯ ಪಾವಿತ್ರ್ಯ ಕೆಡುತ್ತದೆ ಎನ್ನುವವರು ಒಂದು ವಿಷಯ ಯೋಚಿಸಲಿ. ಮಯ್ಯತ್ತಿಗೆ ಗುಸ್ಲ್ ಕೊಡುವ ವಿಧಾನವನ್ನು ಯಾರೂ ಹುಟ್ಟಿನಿಂದ ತಿಳಿದು ಬರುವುದಿಲ್ಲ. ಮೈಮೇಲೆ ಬಟ್ಟೆ ಹೊದಿಸಿಯೇ ಇರಬೇಕು, ಕೈಗೆ ಬಟ್ಟೆ ಸುತ್ತಿಕೊಂಡು ತೊಳೆಯಬೇಕು, ಬಲಗಡೆಯಿಂದ ಆರಂಭಿಸಬೇಕು, ಕಂಡ ಕುಂದನ್ನು ಹೊರಗೆ ಆಡಬಾರದು. ಬಲ್ಲವರು ಇದನ್ನು ಕಲಿಸುತ್ತಾರೆ, ಕೆಲವು ಊರುಗಳಲ್ಲಿ ತರಗತಿಗಳೇ ನಡೆಯುತ್ತವೆ. ಪ್ರೀತಿಯಿದ್ದರೆ ಸಾಕು, ಕಲಿಯುವುದೇನಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ದೇಹ ಉಸಿರಾಡುತ್ತಿದ್ದಾಗ? ಹಾಸಿಗೆ ಹಿಡಿದ ಮುದುಕಿಗೆ ಸ್ನಾನ ಮಾಡಿಸುವಾಗ ಬಾಗಿಲು ತೆರೆದೇ ಇರುತ್ತದೆ. ಮಲಗಿಸಿಯೇ ಗಂಜಿ ಕುಡಿಸುತ್ತೇವೆ. ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದೆಂದು ತಿಳಿದಿರುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆಂದು ಹುಣ್ಣಾದ ಮೇಲೆ ಗೊತ್ತಾಗುತ್ತದೆ. ಸತ್ತವರ ಮೈಗೆ ತೋರುವ ಎಚ್ಚರ ಬದುಕಿರುವವರ ಮೈಗೆ ಬೇಡವೆ?

ಹೆತ್ತವರು ಮುಪ್ಪಿಗೆ ತಲುಪಿದಾಗ ಅವರ ಮುಂದೆ 'ಉಫ್' ಎಂದು ಕೂಡ ಬೇಸರಪಡಬಾರದೆಂಬ ಕುರ್‌ಆನ್‌ನ ಆದೇಶ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ಆ 'ಉಫ್' ಬಾಯಿಗೆ ಬರುವುದು ಯಾವಾಗ? ಮೂರು ರಾತ್ರಿ ನಿದ್ದೆಗೆಟ್ಟಾಗ, ಒಬ್ಬಳೇ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಾಗ, ಅದೇ ಪ್ರಶ್ನೆಯನ್ನು ನಲವತ್ತನೆಯ ಸಲ ಕೇಳಿಸಿಕೊಂಡಾಗ. 'ಒಬ್ಬಳೇ' ಎಂದದ್ದು ಸುಮ್ಮನೆ ಅಲ್ಲ. ಸೇವೆಯ ಪುಣ್ಯದ ಮಾತು ಮಗನಿಗೆ, ಕೆಲಸ ಸೊಸೆಗೆ ಎಂಬುದು ಎಲ್ಲ ಜಾತಿ ಧರ್ಮಗಳ ಮನೆಗಳ ಪದ್ಧತಿ. ಬೆನ್ನಿಗೆ ನೋವಾಗದಂತೆ ಎತ್ತುವುದು ಹೇಗೆ, ಮರೆತವರಿಗೆ ಎದುರಾಡದೆ ಉತ್ತರಿಸುವುದು ಹೇಗೆ ಎಂದು ಕಲಿಸಿಕೊಟ್ಟರೆ ಆಕೆಯ ಸಹನೆಗೂ ಆಸರೆ ಸಿಗುತ್ತದೆ. ಮಗನೂ ಕಲಿತರೆ ಇನ್ನೂ ಒಳ್ಳೆಯದು.

ಹಣ ಪಡೆದು ಮಾಡುವ ಸೇವೆ ಸೇವೆಯೆ ಎಂಬ ಪ್ರಶ್ನೆ ಉಳಿಯುತ್ತದೆ. ಮದರಸಾದ ಉಸ್ತಾದರು ಸಂಬಳ ಪಡೆಯುತ್ತಾರೆ, ಶಾಲೆಯ ಮೇಷ್ಟ್ರೂ ಪಡೆಯುತ್ತಾರೆ. ಅದರಿಂದ ಅಕ್ಷರ ಅಪವಿತ್ರವಾಗಲಿಲ್ಲ. ಕಲಿತವರು ಮಗನ ಜಾಗದಲ್ಲಿ ಬಂದು ಕೂರುವುದಿಲ್ಲ. ಮಗನಿಗೆ ಗೊತ್ತಿಲ್ಲದ್ದನ್ನು ಅವರು ಮಾಡುತ್ತಾರೆ, ಮಗನೊಬ್ಬನೇ ಕೊಡಬಲ್ಲದ್ದು ಮಗನ ಪಾಲಿಗೇ ಉಳಿದಿರುತ್ತದೆ. ಹಣ ಕೊಟ್ಟು ಆ ಪಾಲಿನಿಂದಲೂ ತಪ್ಪಿಸಿಕೊಳ್ಳುವ ಮಗ ಇದ್ದರೆ ಆ ದೋಷ ಓದಿನದಲ್ಲ.

ಆದರೆ ದೊಡ್ಡ ಪದವಿ ದೊಡ್ಡ ಊರಿನಲ್ಲೇ ಕೂತರೆ ಪ್ರಯೋಜನವಿಲ್ಲ. ಮುದುಕರನ್ನು ದಿನವೂ ಎತ್ತಿ ಇಳಿಸುವವರು ಏಜೆನ್ಸಿಯಿಂದ ಬರುವ ಹೋಂ ನರ್ಸ್, ವೃದ್ಧಾಶ್ರಮದ ಆಯಾ, ಮನೆಯ ಹೆಂಗಸರು. ನರ್ಸ್ ಎಂದು ಕರೆಸಿಕೊಳ್ಳುವವರಲ್ಲಿ ಎಷ್ಟೋ ಜನ ನರ್ಸಿಂಗ್ ಓದಿದವರಲ್ಲ. ಸ್ನಾತಕೋತ್ತರ ಪದವಿ ಪಡೆದವರು ಇವರಿಗೆ ಕಲಿಸುವ ಹೊಣೆಯನ್ನೂ ಹೊರಬೇಕು. ನಮ್ಮ ಜಮಾಅತ್‌ಗಳೂ ಮಾಡಬಹುದಾದ ಕೆಲಸವೊಂದಿದೆ. ಗುಸ್ಲ್ ಕಲಿಸಲು ಜನ ಸೇರಿಸುವ ಅದೇ ಹಾಲ್‌ನಲ್ಲಿ ಇನ್ನೊಂದು ದಿನ ತಿಳಿದ ನರ್ಸ್ ಒಬ್ಬರನ್ನು ಕರೆಸಿ, ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಹೇಗೆಂದು ಕಲಿಸಲಿ. ಓಣಿಯ ಎಲ್ಲರನ್ನೂ ಕರೆಯಲಿ. ಗಂಡಸರೂ ಬರಲಿ.