ಬಾಯಿಲ್ಲದ ಪತಂಗದ ಅನಶನ

ಮಲೆನಾಡಿನ ಕಾಡುಗಳಲ್ಲಿ ಮಳೆಗಾಲದ ರಾತ್ರಿ ಕಾಣಸಿಗುವ ಅಟ್ಲಾಸ್ ಪತಂಗವು ರೆಕ್ಕೆ ಹರಡಿದರೆ ಸುಮಾರು 24 ಸೆಂಟಿಮೀಟರ್ ಅಗಲವಾಗುವುದುಂಟು. ಇಷ್ಟು ದೊಡ್ಡ ಜೀವಿಯು ಏನನ್ನೂ ಉಣ್ಣುವುದಿಲ್ಲವೆಂದರೆ ವಾಚಕರಿಗೆ ಸೋಜಿಗವೆನಿಸೀತು. ಅದರ ಬಾಯಿಯ ಅವಯವಗಳು ಹೆಸರಿಗೆ ಮಾತ್ರ ಉಳಿದಿವೆ. ಎಳೆಹಸಿರು ಮೈಯ, ನೀಳಬಾಲದ ಚಂದ್ರ ಪತಂಗವೂ, ರೇಷ್ಮೆಯ ಪತಂಗವೂ ಹೀಗೆಯೇ. ಗೂಡಿನಿಂದ ಹೊರಬಂದ ಮೇಲೆ ಒಂದೆರಡು ವಾರಗಳಷ್ಟೇ ಅವುಗಳ ಆಯುಷ್ಯ.

ಹಾಗಾದರೆ ಈ ಪತಂಗವು ಉಪವಾಸವ್ರತಿಯೇ? ಅಲ್ಲವೆಂದೇ ಹೇಳಬೇಕು. ತ್ಯಾಗಕ್ಕೆ ಭೋಗಿಸುವ ಶಕ್ತಿಯು ಮೊದಲು ಬೇಕು. ಉಣ್ಣಬಲ್ಲವನು ತಿಳಿದು ಉಣ್ಣದಿರುವುದು ವ್ರತ. ಉಣ್ಣಲಾರದವನದು ಬರಿಯ ಅವಸ್ಥೆ. ಪರವಶವಾಗಿ ಹಸಿವು ತೃಷೆಗಳನ್ನು ಸಹಿಸುವುದನ್ನು ನಮ್ಮ ಶಾಸ್ತ್ರವು ಅಕಾಮನಿರ್ಜರೆಯೆಂದು ಬೇರೆಯಾಗಿಯೇ ಎಣಿಸಿದೆ. ಅಲ್ಲದೆ, ಪತಂಗವು ಉಣ್ಣದಿರುವುದು ಮರಿಹುಳುವಾಗಿದ್ದಾಗ ವಾರಗಟ್ಟಲೆ ಎಲೆ ಮೇದು ಕೂಡಿಸಿಟ್ಟ ಕೊಬ್ಬಿನ ಬಲದಿಂದ. ಧಾರಣೆಯ ದಿನ ಏಕಭುಕ್ತವೆಂಬ ಹೆಸರಿನಲ್ಲಿ ಎರಡು ದಿನದ ಊಟವನ್ನು ಒಮ್ಮೆಗೇ ಮುಗಿಸುವವರಿಗೆ ಈ ಹುಳುವು ನೆನಪಾದರೆ ಒಳ್ಳೆಯದು.

ಪತಂಗಗಳನ್ನು ಗುರುತಿಸುವ ಆಸಕ್ತರು ಇರುಳಿನಲ್ಲಿ ಬಿಳಿಯ ಬಟ್ಟೆ ಕಟ್ಟಿ, ಪ್ರಖರವಾದ ದೀಪವನ್ನು ಉರಿಸಿ ಕಾಯುತ್ತಾರೆ. ಹ್ಯಾಂಪ್ಸನ್ ಎಂಬ ವಿದ್ವಾಂಸನು 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಭಾರತದ ಪತಂಗಗಳನ್ನು ವರ್ಣಿಸಿದ್ದು ಸೂಜಿ ಚುಚ್ಚಿ ಒಣಗಿಸಿಟ್ಟ ದೇಹಗಳನ್ನು ನೋಡಿ. ಇಂದು ಅನೇಕ ಜಾತಿಗಳಿಗೆ ಛಾಯಾಚಿತ್ರವೇ ಸಾಕು. ಕೊಲೆಯು ತಪ್ಪಿತು, ಸರಿ, ಹಿಂಸೆಯು ತಪ್ಪಿತೇ?

ದೀಪಕ್ಕೆ ಸಿಕ್ಕ ಪತಂಗವು ಸುತ್ತಿ ಸುತ್ತಿ ದಣಿಯುತ್ತದೆ. ಹೂವಿನ ಮಧುವನ್ನು ಹೀರುವ ಜಾತಿಯದಾದರೆ ಮರುದಿನ ಆ ನಷ್ಟವನ್ನು ತುಂಬಿಕೊಂಡೀತು. ಬಾಯಿಲ್ಲದ್ದಕ್ಕೆ ಪಾರಣೆಯೆಂಬುದೇ ಇಲ್ಲ. ಗರಿಯಂತಹ ಮೀಸೆಗಳಿಂದ ಹೆಣ್ಣಿನ ಗಂಧವನ್ನು ಅರಸಿ ಹೋಗಬೇಕಾದ ಗಂಡಿಗೆ, ಇರುವ ಕೆಲವೇ ರಾತ್ರಿಗಳಲ್ಲಿ ಒಂದು ನಮ್ಮ ಬಟ್ಟೆಯ ಮೇಲೆ ಕಳೆದುಹೋಗುತ್ತದೆ. ಬೆಳಗಿನಲ್ಲಿ ಅಲ್ಲಿ ಉಳಿದವನ್ನು ಹಕ್ಕಿಗಳು ಹೆಕ್ಕುತ್ತವೆ. ಜ್ಞಾನಾರ್ಜನೆಯೇ ಉದ್ದೇಶವೆಂಬ ಸಮಾಧಾನವು ಇಲ್ಲಿ ನಿಲ್ಲದು. ಪ್ರಮಾದದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂದ ಮೇಲೆ, ತಿಳಿದೂ ದೀಪವನ್ನು ಬೆಳಗಿನವರೆಗೆ ಉರಿಸುವುದು ಪ್ರಮಾದವಲ್ಲದೆ ಮತ್ತೇನು? ಒಂದು ಗಳಿಗೆ ನೋಡಿ ಆರಿಸುವುದು ಕಷ್ಟವೇನಲ್ಲ.

ಹಗಲಿನ ದಾರಿಯೂ ಉಂಟು. ದಾಲ್ಚಿನ್ನಿ, ಸೀಬೆ ಮೊದಲಾದ ಗಿಡಗಳಲ್ಲಿ ಮೈಮೇಲೆ ಬಿಳಿಯ ಪುಡಿ ಬಳಿದುಕೊಂಡಂತಿರುವ ಅಟ್ಲಾಸ್ ಹುಳುವನ್ನು ಎಲೆಯನ್ನು ಮುಟ್ಟದೆಯೇ ಗುರುತಿಸಬಹುದು. ಪೊರೆ ಕಳಚಿದಂತೆಲ್ಲ ಅದರ ರೂಪವು ಬದಲಾಗುವುದರಿಂದ ಮತ್ತೆ ಮತ್ತೆ ಹೋಗಿ ನೋಡಬೇಕಾಗುತ್ತದೆ. ಕೊನೆಗೆ ಅದು ಎಲೆಯನ್ನು ಸುತ್ತಿಕೊಂಡು ಕಂದು ಬಣ್ಣದ ಗೂಡು ಕಟ್ಟುತ್ತದೆ. ಒಣಗಾಲದ ತಿಂಗಳುಗಳನ್ನು ಅದರೊಳಗೇ ಕಳೆಯುವುದುಂಟು. ನೋಡುವವನೂ ಮುಂದಿನ ಮಳೆಯವರೆಗೆ ಕಾಯಬೇಕು.