ಧೂಳಿನೊಳಗಿನ ಚಿನ್ನ

ಓದತಕ್ಕ ಭಾಗಗಳು: ಯೋಬನ ಗ್ರಂಥ 28ನೆಯ ಅಧ್ಯಾಯ, ಮಲಾಕಿಯ ಗ್ರಂಥ 3ನೆಯ ಅಧ್ಯಾಯ.

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ರಾಜನ ಶಾಸನವುಂಟೆಂಬದನ್ನು ನೀವು ಬಲ್ಲಿರಿ. 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಅದು ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ. ಸುವರ್ಣಗಿರಿಯೆಂದರೆ ಚಿನ್ನದ ಬೆಟ್ಟವಷ್ಟೆ. ಆದರೂ ಆ ಬರಹವು ಚಿನ್ನದ ಮಾತನ್ನೆತ್ತುವದಿಲ್ಲ; ಮೊಟ್ಟಮೊದಲು ಇಲ್ಲಿಯವರಿಗೆ ಆರೋಗ್ಯವನ್ನು ಕೋರುತ್ತದೆ. ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ ಇವುಗಳ ವಿಧಿ ಆ ಮೇಲೆ ಬರುತ್ತದೆ.

ಸುವರ್ಣಗಿರಿ ಮಸ್ಕಿಯ ಕಡೆಗಿತ್ತೆಂದು ಕೆಲವು ಪಂಡಿತರ ಮತ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರೇ. ಅದಕ್ಕೆ ಸಮೀಪವಾದ ಹಟ್ಟಿಯಲ್ಲಿ ಪೂರ್ವಿಕರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ, ಸೀಳಿ, ಆ ಕಲ್ಲನ್ನು ಅರೆದು ತೊಳೆದು ಚಿನ್ನ ತೆಗೆದರು. ಅವರು 600 ಅಡಿಗಿಂತಲೂ ಆಳಕ್ಕೆ ಇಳಿದಿದ್ದರು. ಜನರ ಕಾಲು ಸೋಕದ ಕತ್ತಲೆಯಲ್ಲಿ ಜೋಲಾಡುತ್ತಾ ಅಗೆಯುವವನನ್ನು ಯೋಬನ ಗ್ರಂಥವು ವರ್ಣಿಸುವಾಗ ನನಗೆ ಹಟ್ಟಿಯ ಆ ಕೂಲಿಗಳೇ ನೆನಪಾಗುತ್ತಾರೆ. ಅವರಲ್ಲಿ ಒಬ್ಬನ ಹೆಸರೂ ಉಳಿಯಲಿಲ್ಲ.

ಗಣಿಯಿಲ್ಲದ ಕಡೆಯಲ್ಲಿ ಜಲಗಾರರಿದ್ದರು. ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ಹಾಕಿ ನೀರಿನಲ್ಲಿ ತಿರುಗಿಸುವರು. ಹಗುರವಾದ ಮಣ್ಣು ಅಂಚಿನಿಂದ ಹರಿದುಹೋಗುವದು. ಕರೀ ಮರಳೂ ಅದರೊಳಗಿನ ಚಿನ್ನದ ಕಣಗಳೂ ಭಾರವಾದದ್ದರಿಂದ ತಳದಲ್ಲಿ ನಿಲ್ಲುವವು. ಅವಸರಪಡುವವನ ಚಿನ್ನವು ಮಣ್ಣಿನ ಸಂಗಡ ಹೋಯಿತು. (ಮೊಳಕಾಲ್ಮೂರಿನ ಚಿನ್ನಹಗರಿಯ ಹೆಸರನ್ನು ಕೇಳಿ ಯಾರೂ ಮರಿಗೆ ಹಿಡಿದು ಹೊರಡಬಾರದು, ಅದು ತೆಲುಗಿನ ಚಿನ್ನ, ಅಂದರೆ ಚಿಕ್ಕ ಹಗರಿ.) ಇದೇ ಜನರು ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಕೊಂಡು, ತೊಳೆದು, ಅರದ ಪುಡಿಯನ್ನು ಆರಿಸಿ ಜೀವಿಸುತ್ತಿದ್ದರು. ಲೋಕವು ಗುಡಿಸಿ ಬಿಸಾಡಿದ್ದರಲ್ಲಿ ಬೆಲೆಯುಳ್ಳದ್ದನ್ನು ಕಾಣುವ ಈ ಕೆಲಸವನ್ನು ಹೀನವೆನ್ನುವವನು ಸುವಾರ್ತೆಯನ್ನು ಸರಿಯಾಗಿ ಓದಿದವನಲ್ಲ.

ಆದರೆ ಮರಿಗೆಗೆ ಸಿಕ್ಕದ ನುಣುಪಾದ ಕಣವನ್ನು ಹಿಡಿಯಲು ಪಾದರಸವು ಬಂದಿತು. ಪಾದರಸವು ಚಿನ್ನವನ್ನು ಹೀರಿಕೊಂಡು ಮುದ್ದೆಯಾಗುವದು. ಅದನ್ನು ಬಟ್ಟೆಯಲ್ಲಿ ಹಿಂಡಿ ಬೆಂಕಿಗಿಟ್ಟರೆ ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುವದು. ಎಲ್ಲಿಗೆ ಹೋಗುವದು? ಬಣ್ಣವೂ ವಾಸನೆಯೂ ಇಲ್ಲದ ಆ ಆವಿಯು ಊದುವವನ ಎದೆಗೂ, ಗೋಡೆಗೂ, ಒಲೆಯ ಬಳಿ ಮಲಗಿದ ಕೂಸಿಗೂ ಹೋಗುವದು. ಕೈ ನಡುಗುವದು, ಮೂತ್ರಪಿಂಡ ಕೆಡುವದು, ಗರ್ಭದ ಶಿಶುವಿಗೂ ಹಾನಿಯಾಗುವದು. ನೀರಿಗೆ ಸೇರಿದ ಪಾದರಸವು ಕೆಸರಿನಲ್ಲಿ ಇನ್ನೂ ಕಠಿಣವಾದ ವಿಷವಾಗಿ ಮೀನನ್ನು ಸೇರುವದು. ಕಾರ್ಖಾನೆಯೊಂದರ ಪಾದರಸದಿಂದ ಜಪಾನಿನ ಮಿನಮಾಟದಲ್ಲಿ ಹುಟ್ಟಿದ ಇಂಥ ವ್ಯಾಧಿಯು 1956ರಲ್ಲಿ ತಿಳಿದುಬಂದಿತು. ಆ ಊರಿನ ಹೆಸರಿನ ಒಡಂಬಡಿಕೆಯು 2017ರಲ್ಲಿ ಜಾರಿಗೆ ಬಂದು, 2018ರಲ್ಲಿ ಭಾರತವೂ ಅದಕ್ಕೆ ಒಳಪಟ್ಟಿತು. ಆದರೂ ಲೋಕದಲ್ಲಿ ಒಂದು ಕೋಟಿಗೂ ಹೆಚ್ಚು ಬಡವರು ಸಣ್ಣ ಗಣಿಗಳಲ್ಲಿ ದುಡಿಯುತ್ತಾರೆ. ಅವರಲ್ಲಿ ಸ್ತ್ರೀಯರೂ ಮಕ್ಕಳೂ ಲಕ್ಷಾಂತರ.

ಮಲಾಕಿಯನು ಕರ್ತನನ್ನು ಪುಟಹಾಕುವವನಿಗೆ ಹೋಲಿಸಿ, ಆತನು ಕುಳಿತುಕೊಂಡು ಶೋಧಿಸುವನೆಂದು ಹೇಳುತ್ತಾನೆ. ಮೂಸೆಯನ್ನು ಬಿಟ್ಟು ಕದಲದ ಆ ಲಕ್ಷ್ಯವನ್ನು ನಾವು ಬಹಳ ಸಾರಿ ಬೋಧಿಸಿದ್ದೇವೆ. ಕುಳಿತವನ ಉಸಿರಿನ ಗೊಡವೆ ಮಾತ್ರ ನಮಗಿಲ್ಲ. ಮಗಳ ಮದುವೆಗೆ ಸರ ಮಾಡಿಸುವಾಗ ತೂಕವನ್ನು ಮೂರು ಸಾರಿ ನೋಡುತ್ತೇವೆ, ಕೂಲಿಯಲ್ಲಿ ನಾಲ್ಕು ಕಾಸು ಇಳಿಸುತ್ತೇವೆ. ಅದನ್ನು ತೊಳೆದ ಹೆಂಗಸು ಕೆಮ್ಮುತ್ತಾಳೋ ಎಂದು ಕೇಳಿದವರಾರು?

ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಈ ಕೆಲಸದವರು ನಿಮ್ಮ ನೆರೆಯಲ್ಲಿದ್ದರೆ ಹೋಗಿ ಮಾತಾಡಿರಿ. ಪಾದರಸದ ಮುದ್ದೆಯನ್ನು ಮನೆಯೊಳಗೆ ಸುಡಬಾರದು; ಗರ್ಭಿಣಿಯೂ ಮಕ್ಕಳೂ ಹತ್ತಿರವಿರಬಾರದು; ತೊಳೆದ ನೀರನ್ನು ಬಾವಿಯ ಕಡೆಗೆ ಚೆಲ್ಲಬಾರದು, ಮಳೆ ಕಡಿಮೆಯಾದ ಈ ಸೀಮೆಯಲ್ಲಂತೂ ಬಾವಿಯೇ ಪ್ರಾಣ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆವಿಯನ್ನು ಕೊಳವೆಯಿಂದ ತಣ್ಣಗೆ ಮಾಡಿದರೆ ಪಾದರಸವು ತಿರಿಗಿ ದ್ರವವಾಗಿ ಕೈಸೇರುವದು. ಅದಕ್ಕಿಂತಲೂ ಲೇಸಾದದ್ದೊಂದುಂಟು. ಫಿಲಿಪ್ಪೀನ್ ದ್ವೀಪಗಳ ಬೆಂಗೆಟ್ ಎಂಬಲ್ಲಿ ಬಡ ಗಣಿಗಾರರು ಪಾದರಸವನ್ನೇ ಬಿಟ್ಟು, ಚೆನ್ನಾಗಿ ತೊಳೆದ ಭಾರದ ಮರಳಿಗೆ ಬಿಳಿಗಾರವನ್ನು ಸೇರಿಸಿ ಕರಗಿಸಿ ಚಿನ್ನ ತೆಗೆಯುತ್ತಾ ಬಂದಿದ್ದಾರೆ. ಬಿಳಿಗಾರವು ನಮ್ಮ ಅಕ್ಕಸಾಲಿಗರ ಡಬ್ಬಿಯಲ್ಲಿ ಮೊದಲಿನಿಂದಲೇ ಇದೆ.