ಕಬ್ಬಿಗೆ ಒಬ್ಬನೇ ಗಿರಾಕಿ

ಏಕಸ್ವಾಮ್ಯ ಎಂದ ಕೂಡಲೇ ನಾವು ಗೂಗಲ್, ಅಮೆಜಾನ್‌ಗಳ ಮಾತು ತೆಗೆಯುತ್ತೇವೆ. ಅಲ್ಲಿ ಚಿಂತೆ ಹೆಚ್ಚಾಗಿ ಮಾರುವವನ ಬಗ್ಗೆ. ಕೊಳ್ಳುವವನೇ ಒಬ್ಬನಾದರೆ? ಅವನನ್ನು ಕಾನೂನೇ ಗೊತ್ತು ಮಾಡಿದ್ದರೆ? ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆಯ ಕಬ್ಬಿನ ಗದ್ದೆಗಳಲ್ಲಿ ಇದು ಹಳೆಯ ಪ್ರಶ್ನೆ.

ಇಂಥ ಪ್ರದೇಶದ ಕಬ್ಬು ಇಂಥ ಕಾರ್ಖಾನೆಗೇ ಎಂದು ಮೀಸಲಿಡುವ ಅಧಿಕಾರವನ್ನು 1966ರ ಕಬ್ಬು ನಿಯಂತ್ರಣ ಆದೇಶ ಸರ್ಕಾರಕ್ಕೆ ಕೊಟ್ಟಿತು. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರವಿರಬೇಕೆಂಬ ನಿಯಮ ಆಮೇಲೆ ಬಂತು. ಕಾರಣವಿಲ್ಲದೆ ಅಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಕಾರ್ಖಾನೆಗೆ ಕಬ್ಬಿನ ಭರವಸೆ ಬೇಕು, ರೈತನಿಗೆ ಗಿರಾಕಿಯ ಭರವಸೆ ಬೇಕು. ಹಾಗಾಗಿ ಮೀಸಲನ್ನು ನಾನು ಎರಡು ಕಡೆಯವರು ಕೊಟ್ಟ ಮಾತು ಎಂದೇ ಓದುತ್ತೇನೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು ಬರೆದಿರುವುದೂ ಅದೇ ಆದೇಶದಲ್ಲಿ.

ಒಂದು ಕಡೆಯವರು ಮಾತು ಮುರಿದರೆ ಇನ್ನೊಂದು ಕಡೆಯ ಕಟ್ಟು ಉಳಿಯುತ್ತದೆಯೇ? ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿತ್ತು. 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್ ಕೈಗೆ ಹೋಯಿತು. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಕೂಡ ನಿಂತಿದ್ದು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಷೇರುದಾರನಾಗಿ ತನ್ನದೇ ಕಾರ್ಖಾನೆಗೆ ಕಬ್ಬು ಸಾಗಿಸುವುದಕ್ಕೂ ಗುತ್ತಿಗೆದಾರನ ಗೇಟಿನ ಮುಂದೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಮೀಸಲು ಪ್ರದೇಶದ ನಕ್ಷೆಯಲ್ಲಿ ಕಾಣುವುದಿಲ್ಲ.

2002ರ ಸ್ಪರ್ಧಾ ಕಾಯ್ದೆ ದೊಡ್ಡವನಾಗಿರುವುದನ್ನೇ ತಪ್ಪೆನ್ನುವುದಿಲ್ಲ. ಆ ಬಲದ ದುರುಪಯೋಗವಾಯಿತೇ ಎಂದು ಕೇಳುತ್ತದೆ. ಆದರೆ ಇಲ್ಲಿ ಬಲ ಬಂದದ್ದೇ ಸರ್ಕಾರದಿಂದ. ಹಾಗಿದ್ದಮೇಲೆ ಬಾಕಿ ಉಳಿದಾಗ ಸರ್ಕಾರ ಬರೀ ಪಂಚಾಯಿತಿ ಮಾಡುವವನಂತೆ ನಡುವೆ ಕೂರಲಾಗದು. ರೈತನ ಕೈ ಕಟ್ಟಿದ್ದು ಅದೇ, ಜಾಮೀನುದಾರನೂ ಅದೇ.

2012ರಲ್ಲಿ ರಂಗರಾಜನ್ ಸಮಿತಿ ಮೀಸಲು ಪದ್ಧತಿಯನ್ನೇ ಬಿಡಬಹುದೆಂದಿತು. ಕೇಳಲು ಹಿತ. ಆದರೆ ಬಾಗಿಲು ಪೂರ್ತಿ ತೆರೆದರೆ ದೂರದ ದೊಡ್ಡ ಕಾರ್ಖಾನೆ ರಸ್ತೆ ಬದಿಯ ಒಳ್ಳೆಯ ಕಬ್ಬನ್ನಷ್ಟೇ ಆರಿಸಿಕೊಂಡೀತು. ನಾಗಮಂಗಲದಲ್ಲಿ ಬೋರ್‌ವೆಲ್ ನಂಬಿ ಅರ್ಧ ಎಕರೆ ಬೆಳೆದವನ ಕಬ್ಬು ಕೇಳುವವರು ಯಾರು? ಅದಕ್ಕೇ ನನಗೆ ಒಪ್ಪಿಗೆಯಾಗುವುದು ಷರತ್ತಿನ ಮೀಸಲು: ಕಾರ್ಖಾನೆ ರೈತನ ಕಬ್ಬನ್ನು ಬಿಡುವಂತಿಲ್ಲ, ಹದಿನೈದನೆಯ ದಿನವೂ ಹಣ ಬರದಿದ್ದರೆ, ರೈತ ಯಾರ ಅಪ್ಪಣೆಯೂ ಇಲ್ಲದೆ ತನ್ನ ಉಳಿದ ಕಬ್ಬನ್ನು ಬೇರೆಡೆ ಮಾರಬಹುದು.

ಬೇರೆಡೆ ಎಂದರೆ ಈಗಲೂ ಬಹಳ ಊರುಗಳಲ್ಲಿ ಆಲೆಮನೆ. ಬೆಲ್ಲಕ್ಕೆ ದರ ಬಂದ ವರ್ಷ ಕಾರ್ಖಾನೆಯವರೇ ಕಬ್ಬು ಕೇಳಿಕೊಂಡು ಗದ್ದೆಯ ಬದುವಿಗೆ ಬರಬೇಕಾಗುತ್ತದೆ.